ದೂರದೃಷ್ಟಿಯವರ ಆಪತ್ಕಾಲ

ಎಲ್ಲಕ್ಕೂ ಮೂಲ ಒಂದು ಪೆಟ್ಟಿಗೆಯ ತಳ ಕಿತ್ತುಬಂದದ್ದು. ಅದೂ ಮನೆಯೊಳಗೆ ಕಿತ್ತುಬಂದಿದ್ದರೆ ಚಿಂತೆ ಇರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಕಿತ್ತುಬಂತು. ಒಳಗಿದ್ದ ಬಟಾಣಿ ಡಬ್ಬಿಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಧಡಧಡನೆ ಕೆಳಗೋಡಿದವು. ಅವುಗಳ ಬೆನ್ನಿಗೆ ಮೇಣದ ಬತ್ತಿಯ ಕಟ್ಟು, ಅದರ ಬೆನ್ನಿಗೆ ಒಂದು ಸುರುಳಿ ಹಗ್ಗ, ಎಲ್ಲಕ್ಕೂ ಕೊನೆಗೆ, ಬರಲೋ ಬೇಡವೋ ಎಂದು ಮೆಟ್ಟಿಲು ಮೆಟ್ಟಿಲಿಗೂ ಯೋಚಿಸುತ್ತ, ವಿಷಗಾಳಿ ತಡೆಯುವ ರಬ್ಬರಿನ ಮುಖವಾಡ.

ಮುಖವಾಡ ಹೋಗಿ ನಿಂತದ್ದು ಕೆಳಮನೆಯ ನಿವೃತ್ತ ಹೆಡ್‌ಮಾಸ್ತರರ ಕಾಲಬಳಿ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ನಕಲು ಹೊಡೆದ ಹುಡುಗನ ಚೀಟಿ ಹಿಡಿದ ಹಾಗೆ ಹಿಡಿದು ಕೇಳಿದರು:

"ಏನ್ರೀ ದೂರದೃಷ್ಟಿಯವರೇ ಇದು?"

ದೂರದೃಷ್ಟಿ ಎನ್ನುವುದು ಆ ಕಟ್ಟಡದವರು ಎರಡನೇ ಮಹಡಿಯ ಮಹನೀಯರಿಗೆ ಇಟ್ಟಿದ್ದ ಅಡ್ಡಹೆಸರು. ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವುದು ಅವರ ಕೆಲಸ. ಆದರೆ ಹೆಸರು ಬಂದದ್ದು ಅದರಿಂದಲ್ಲ. ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೆ ಅವರಿಗೆ ಪ್ರವಾಹ ಕಾಣುತ್ತಿತ್ತು. ಪಕ್ಕದ ರಸ್ತೆಯಲ್ಲಿ ಲಾರಿ ಹೋಗಿ ಲೋಟ ಅಲುಗಿದರೆ ಭೂಕಂಪ ಕಾಣುತ್ತಿತ್ತು. ಜಗತ್ತು ಮುಳುಗುವ ದಿನಕ್ಕೆಂದು ಮನೆಯ ಹಿಂದಿನ ಕೋಣೆಯಲ್ಲಿ ಅವರು ಒಂದೊಂದೇ ಸಾಮಾನು ಕೂಡಿಸುತ್ತಿದ್ದರು. ಹೀಗೆ ಕೂಡಿಸುವವರು ಪಾಲಿಸಬೇಕಾದ ಮೊದಲ ನಿಯಮವನ್ನೂ ಎಲ್ಲಿಯೋ ಓದಿಕೊಂಡಿದ್ದರು: ನಿಮ್ಮಲ್ಲಿ ಏನಿದೆಯೆಂದು ನೆರೆಯವರಿಗೆ ತಿಳಿಯಬಾರದು.

"ಅದಾ? ಮಗಳ ನಾಟಕಕ್ಕೆ ಸಾರ್," ಎಂದರು.

"ಡಬ್ಬಿಗಳು?"

"ನೆಂಟರು ಬರ್ತಿದ್ದಾರೆ."

"ಬರೀ ಬಟಾಣಿ ತಿನ್ನೋ ನೆಂಟರಾ?"

ದೂರದೃಷ್ಟಿಯವರು ನಕ್ಕಂತೆ ಮಾಡಿ ಡಬ್ಬಿ ಆಯತೊಡಗಿದರು. ಅಷ್ಟರಲ್ಲಿ ಮೊದಲ ಮಹಡಿಯ ಬಾಗಿಲು ತೆರೆದು ಬ್ಯೂಟಿ ಪಾರ್ಲರಿನ ಅಕ್ಕ ಬಂದರು. ಬೀದಿಯ ಅರ್ಧ ಜನರ ತಲೆ ಅವರ ಕೈಯಲ್ಲಿತ್ತು. ಆ ತಲೆಗಳೊಳಗಿನ ಸುದ್ದಿಯೂ ಅವರ ಕೈಯಲ್ಲೇ ಇತ್ತು. ಬೀದಿಯಲ್ಲಿ ನಿಂತಿದ್ದ ಟೆಂಪೊದಿಂದ ನೀಲಿ ಪೀಪಾಯಿಗಳು ಇಳಿಯುತ್ತಿರುವುದನ್ನು ಆಗಲೇ ಅವರು ಕಿಟಕಿಯಿಂದ ನೋಡಿಯಾಗಿತ್ತು.

"ಅಷ್ಟೊಂದು ಪೀಪಾಯಿ ಯಾಕಣ್ಣ?"

"ನೀರು ನಿಲ್ಲುತ್ತೇನೋ ಅಂತ..." ಎಂದವರು ನಾಲಿಗೆ ಕಚ್ಚಿಕೊಂಡರು.

"ನೀರು ನಿಲ್ಲುತ್ತಾ? ಯಾರು ಹೇಳಿದ್ರು?"

"ಯಾರೂ ಇಲ್ಲಕ್ಕ, ನನಗೇನೂ ಗೊತ್ತಿಲ್ಲ!"

ಗೊತ್ತಿಲ್ಲ ಎಂದು ಇಷ್ಟು ಜೋರಾಗಿ ಹೇಳುವವನಿಗೆ ಏನೋ ಗೊತ್ತಿರಲೇಬೇಕು. ಹೆಡ್‌ಮಾಸ್ತರರೂ ಅಕ್ಕನೂ ಮುಖಮುಖ ನೋಡಿಕೊಂಡರು.

ಮನೆಯೊಳಗೆ ಹೆಂಡತಿ ಕೆಲಸಕ್ಕೆ ಹೊರಟು ನಿಂತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ನಿಜವಾದ ಆಪತ್ತುಗಳನ್ನು ದಿನಾ ನೋಡುವವಳಾದ್ದರಿಂದ ಅವಳಿಗೆ ಅವುಗಳ ಮೇಲೆ ವಿಶೇಷ ಮೋಹವಿರಲಿಲ್ಲ. ಪೀಪಾಯಿಗಳು ಒಳಬರುವುದನ್ನು ಕಂಡು ಹಣೆ ಚಚ್ಚಿಕೊಂಡಳು.

"ಒಂದು ಟಾರ್ಚು, ನಾಲ್ಕು ದಿನಕ್ಕಾಗೋಷ್ಟು ನೀರು, ಅತ್ತೆ ಔಷಧಿ. ಇಷ್ಟಿದ್ರೆ ಸಾಕು ಅಂತ ಎಷ್ಟು ಸಲ ಹೇಳ್ಲಿ? ಯಾರು ಎಲ್ಲಿ ಸೇರಬೇಕು ಅನ್ನೋದು ಮುಖ್ಯ ಕಣ್ರೀ. ಏನಾದ್ರೂ ಆದ್ರೆ ಲೈಬ್ರರಿಗೆ ಬನ್ನಿ, ಅಲ್ಲೇ ಕೂತಿರಿ. ಒಬ್ಬರನ್ನೊಬ್ಬರು ಹುಡುಕ್ಕೊಂಡು ಊರು ತಿರುಗಬೇಡಿ. ಮಗಳಿಗೆ ಇದು ಬಾಯಿಪಾಠ. ನಿಮಗೆ?"

"ಹ್ಞೂಂ ಹ್ಞೂಂ," ಎಂದರು ದೂರದೃಷ್ಟಿಯವರು, ಪೀಪಾಯಿಯ ಮುಚ್ಚಳ ಗಾಳಿಯಾಡದಂತೆ ಕೂರುತ್ತದೋ ಇಲ್ಲವೋ ನೋಡುತ್ತ.

ಕೆಳಗೆ ಅಷ್ಟು ಹೊತ್ತಿಗೆ ಸಭೆ ಸೇರಿತ್ತು. ಮೂರನೆಯವರಾಗಿ ಎದುರುಮನೆಯ ಇನ್ಶೂರೆನ್ಸ್ ಏಜೆಂಟರೂ ಬಂದು ಸೇರಿದ್ದರು. ಯಾರ ಮನೆಯಲ್ಲಿ ಯಾರ್ಯಾರಿದ್ದಾರೆ, ಎಲ್ಲೆಲ್ಲಿ ಕೆಲಸ ಮಾಡುತ್ತಾರೆ ಎನ್ನುವುದೆಲ್ಲ ಅವರಿಗೆ ಕಂಠಪಾಠ.

"ಅವರ ಭಾವಮೈದ ಎಲ್ಲಿ ಕೆಲಸ ಮಾಡೋದು ಗೊತ್ತಾ?" ಎಂದು ಅವರು ದನಿ ತಗ್ಗಿಸಿದರು. "ಹವಾಮಾನ ಕಛೇರಿಯಲ್ಲಿ!"

ಹೆಡ್‌ಮಾಸ್ತರರು "ಓಹೋ!" ಎಂದರು. ಆ ಭಾವಮೈದ ಅಲ್ಲಿ ನೋಡಿಕೊಳ್ಳುತ್ತಿದ್ದುದು ಕುರ್ಚಿ ಮೇಜುಗಳನ್ನು ಮಾತ್ರ. ಮೋಡಕ್ಕೂ ಅವನಿಗೂ ಕೊಡೆಯಷ್ಟೇ ಸಂಬಂಧ. ಆದರೆ ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಅಕ್ಕ ಪಾರ್ಲರಿಗೆ ಹೋಗಿ, ಮೊದಲ ತಲೆಗೆ ನೀರು ಹಾಕುವಾಗಲೇ "ಯಾರಿಗೂ ಹೇಳ್ಬೇಡಿ" ಎಂದು ಶುರುಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಮನೆಮನೆಯಲ್ಲೂ ಬಕೆಟ್ಟು, ಬೋಗುಣಿ, ಕೊನೆಗೆ ಮಗುವಿನ ಸ್ನಾನದ ತೊಟ್ಟಿಯವರೆಗೆ ನೀರು ತುಂಬಿತು. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದ್ದರಿಂದ ಟ್ಯಾಂಕು ಬರಿದಾಗಿ ನೀರು ನಿಂತೇಹೋಯಿತು.

"ನೋಡಿದ್ರಾ! ಹೇಳಿದಂಗೇ ಆಯ್ತು!" ಎಂದರು ಏಜೆಂಟರು. ಅಲ್ಲಿಯವರೆಗೆ ನಂಬದೆ ಇದ್ದವರೂ ಆಗ ನಂಬಿದರು.

ಇದಾವುದರ ಅರಿವಿಲ್ಲದ ದೂರದೃಷ್ಟಿಯವರು ಅಂಗಡಿಯ ಕತ್ತಲೆ ಕೋಣೆಯಲ್ಲಿ ಗಿರಾಕಿಯೊಬ್ಬರಿಗೆ ಅಕ್ಷರ ತೋರಿಸುತ್ತಿದ್ದರು. ಆ ದಿನ ಯಾಕೋ ಬಂದವರೆಲ್ಲ ಎರಡೆರಡು ಕನ್ನಡಕ ಕೇಳುತ್ತಿದ್ದರು.

"ಒಂದು ಒಡೆದ್ರೆ ಇನ್ನೊಂದು ಇರ್ಲಿ ಅಂತ," ಎಂದರು ಆ ಗಿರಾಕಿ. "ನಿಮಗೆ ವಿಷಯ ಗೊತ್ತಿಲ್ವಾ? ಸಂಜೆಯೊಳಗೆ ಹೊಳೆ ನೀರು ಊರಿಗೆ ನುಗ್ಗುತ್ತಂತೆ. ಹವಾಮಾನ ಕಛೇರಿಯ ದೊಡ್ಡ ಸಾಹೇಬರೊಬ್ಬರು ತಮ್ಮ ಬಂಧುಗಳಿಗೆ ಗುಟ್ಟಾಗಿ ಹೇಳಿದ್ದಾರಂತೆ. ಆ ಮನುಷ್ಯ ಬೆಳಿಗ್ಗೆಯಿಂದ ಮನೆ ತುಂಬಾ ನೀರು, ಊಟ ತುಂಬಿಸಿಕೊಳ್ತಾ ಇದ್ದಾರಂತೆ. ಮನೆಯವರಿಗೆಲ್ಲ ಮುಖವಾಡ ಬೇರೆ!"

ದೂರದೃಷ್ಟಿಯವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. ಯಾರೋ ಮಹಾ ಬುದ್ಧಿವಂತ, ತನ್ನಂಥವನೇ, ಎಂದುಕೊಂಡರು. ಮರುಕ್ಷಣ ಭಾವಮೈದನ ಮೇಲೆ ಸಿಟ್ಟು ಒತ್ತರಿಸಿ ಬಂತು. ಅದೇ ಕಛೇರಿಯಲ್ಲಿದ್ದೂ ಸ್ವಂತ ಅಕ್ಕನ ಮನೆಗೆ ಒಂದು ಮಾತು ಹೇಳಲಿಲ್ಲವಲ್ಲ, ಪಾಪಿ! ಫೋನು ಮಾಡಿದರೆ ಅವನ ಫೋನು ಸಿಗಲೇ ಇಲ್ಲ. ಬೀದಿಯ ಅರ್ಧ ಜನ ಅವನಿಗೇ ಫೋನು ಮಾಡುತ್ತಿದ್ದರು.

ಗಿರಾಕಿಯನ್ನು ಕತ್ತಲೆಯಲ್ಲೇ ಕೂರಿಸಿ ದೂರದೃಷ್ಟಿಯವರು ಮನೆಗೆ ಓಡಿದರು. ಹಾದಿಯಲ್ಲೇ ಒಂದು ಟೆಂಪೊ ಗೊತ್ತುಮಾಡಿದರು. ತಾನು ಇಷ್ಟು ವರ್ಷ ಕಾದ ದಿನ ಕೊನೆಗೂ ಬಂತಲ್ಲ ಎಂದು ಅವರಿಗೆ ಭಯವೂ ಆಯಿತು, ಹೇಳಿಕೊಳ್ಳಲಾಗದ ಒಂದು ಬಗೆಯ ಸಂತೋಷವೂ ಆಯಿತು.

"ಅಮ್ಮಾ, ಏಳು! ಗುಡ್ಡಕ್ಕೆ ಹೋಗ್ಬೇಕು!"

ತಾಯಿ ಕುರ್ಚಿಯಿಂದ ಏಳಲಿಲ್ಲ. "ಯಾಕೋ?"

"ಪ್ರವಾಹ ಬರುತ್ತೆ!"

"ಎರಡನೇ ಮಹಡಿಗೆ ಬಂದ ಮೇಲೆ ಹೇಳು. ನನಗೆ ಮಂಡಿ ನೋವು."

ವಾದಕ್ಕೆ ಸಮಯವಿರಲಿಲ್ಲ. "ಸಾಮಾನು ಇಳಿಸಿ ಬಂದು ನಿನ್ನ ಕರ್ಕೊಂಡು ಹೋಗ್ತೀನಿ," ಎಂದು ಅವರು ಕೋಣೆ ಖಾಲಿಮಾಡಿಸಿದರು. ಡಬ್ಬಿ, ಡೇರೆ, ಒಲೆ, ಹಗ್ಗ, ಗುದ್ದಲಿ, ಪೀಪಾಯಿ ಎಲ್ಲ ಏರಿದವು. ಟೆಂಪೊ ತುಂಬು ಬಸುರಿಯ ಹಾಗೆ ಮೆಲ್ಲಗೆ ಹೊರಟಿತು.

ಅದು ಹೊರಟದ್ದನ್ನು ಇಡೀ ಬೀದಿ ನೋಡಿತು. ಹೊರಡಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದವರೆಲ್ಲ "ಅವರೇ ಹೊರಟ್ರು!" ಎಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಗುಡ್ಡದ ತಿರುವಿನಲ್ಲಿ ದೂರದೃಷ್ಟಿಯವರು ಹಿಂದಿರುಗಿ ನೋಡಿದರೆ ಸ್ಕೂಟರು, ಕಾರು, ತಳ್ಳುಗಾಡಿ, ಎಲ್ಲಕ್ಕೂ ಮುಂದೆ ಛತ್ರಿ ಹಿಡಿದ ಹೆಡ್‌ಮಾಸ್ತರರು. ಪ್ರವಾಹದ ಸುದ್ದಿ ನಿಜವೇ ಇರಬೇಕೆಂದು ಅವರಿಗೆ ಆಗ ಪೂರ್ತಿ ಖಾತ್ರಿಯಾಯಿತು. ಇಷ್ಟು ಜನ ಸುಮ್ಮನೆ ಓಡಿಬರುತ್ತಾರೆಯೇ?

ಗುಡ್ಡದ ಮೇಲೆ ಮೊದಲು ಸಿಕ್ಕವನು ಭಾವಮೈದ. ಹೆಂಡತಿ ಮಕ್ಕಳೊಂದಿಗೆ, ಬೆವರು ಸುರಿಸುತ್ತ, ಕಾಲುಹಾದಿಯಿಂದ ಹತ್ತಿ ಬಂದಿದ್ದ.

"ನಾಚಿಕೆ ಆಗಲ್ವೇನೋ?" ಎಂದು ದೂರದೃಷ್ಟಿಯವರು ಎಗರಿಬಿದ್ದರು. "ಎಲ್ಲಾ ಗೊತ್ತಿದ್ದೂ ನಮಗೊಂದು ಮಾತು ಹೇಳಲಿಲ್ಲ!"

"ನಾನು ಹೇಳೋದಾ?" ಎಂದು ಅವನು ಬಾಯಿ ಬಿಟ್ಟ. "ಭಾವ, ನಮ್ಮ ಕಛೇರಿಯಲ್ಲಿ ಏನೂ ಇಲ್ಲ. ಬಿಸಿಲು ಅಂತ ಬರೆದು ಕಳಿಸಿದ್ದಾರೆ. ನೀವು ಮನೆ ಖಾಲಿ ಮಾಡ್ತಿದ್ದೀರಿ ಅಂತ ಯಾರೋ ಫೋನ್ ಮಾಡಿದ್ರು. ಭಾವನಿಗೆ ಏನೋ ಗೊತ್ತಾಗಿದೆ ಅಂತ ನಾನೂ ಓಡಿಬಂದೆ!"

ಆಕಾಶ ತೊಳೆದ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಕೆಳಗೆ ಹೊಳೆ, ಸೊಂಟದುದ್ದ ನೀರಿಗೂ ಗತಿಯಿಲ್ಲದೆ, ಕಲ್ಲುಗಳ ನಡುವೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

"ನಮ್ಮಕ್ಕ ಎಲ್ಲಿ? ಮಗು ಎಲ್ಲಿ?" ಎಂದು ಭಾವಮೈದ ಟೆಂಪೊದೊಳಗೆ ಇಣುಕಿದ.

ದೂರದೃಷ್ಟಿಯವರೂ ಇಣುಕಿದರು. ಗುದ್ದಲಿ ಇತ್ತು. ಒಲೆ ಇತ್ತು. ಮಗಳ ಅಳತೆಯ ಮುಖವಾಡವೂ ಇತ್ತು. ಮಗಳು ಈಜು ಕಲಿಯಲು ಹೋಗಿದ್ದಳು. ಅವಳನ್ನು ಕರೆತರಬೇಕೆಂಬುದು ಅವರಿಗೆ ನೆನಪೇ ಆಗಿರಲಿಲ್ಲ.

ಪ್ರವಾಹ ಇಲ್ಲದಿದ್ದರೇನು, ಊರೇ ಹುಚ್ಚೆದ್ದು ಓಡುತ್ತಿದೆ. ಆ ನೂಕುನುಗ್ಗಲಲ್ಲಿ ಒಂದು ಮಗು! ಅವರು ಗುಡ್ಡ ಇಳಿದು ಓಡಿದರು. ಹತ್ತುತ್ತಿದ್ದ ಜನ ಅವರನ್ನು ಕಂಡು "ಈಗ ಕೆಳಗೆ ಹೋಗ್ಬೇಕಾ?" ಎಂದು ಗೊಂದಲಗೊಂಡರು. ಈಜುಕೊಳದ ಬಾಗಿಲಿಗೆ ಬೀಗ. ಫೋನು ಸತ್ತಿತ್ತು, ಅದಕ್ಕೆ ಜೀವ ಕೊಡುವ ವಿಶೇಷ ಯಂತ್ರ ಗುಡ್ಡದ ಮೇಲಿತ್ತು. ಬೀದಿಬೀದಿ ಮಗಳ ಹೆಸರು ಕೂಗುತ್ತ ಅಲೆದರು. ಅಳು ಬರುವ ಹಾಗಾಗಿ ಒಂದು ಕಟ್ಟೆಯ ಮೇಲೆ ಕೂತಾಗ, ಬೆಳಿಗ್ಗೆ ಕಿವಿಯೊಳಗೆ ಹೋಗಿ ಹೊರಬರದೆ ಉಳಿದಿದ್ದ ಮಾತೊಂದು ತಲೆಗೆ ಬಂತು: ಲೈಬ್ರರಿ.

ಲೈಬ್ರರಿಯ ಮೂಲೆಯ ಮೇಜಿನಲ್ಲಿ ಮಗಳು ಒದ್ದೆ ಕೂದಲು ಹರಡಿಕೊಂಡು ಪುಸ್ತಕ ಓದುತ್ತಿದ್ದಳು. ಪಕ್ಕದಲ್ಲಿ ಹೆಂಡತಿ, ನರ್ಸಿನ ಬಟ್ಟೆಯಲ್ಲೇ, ಒಂದು ಬಾಳೆಹಣ್ಣು ಸುಲಿಯುತ್ತಿದ್ದಳು.

"ಅಪ್ಪ, ನೀನು ತುಂಬಾ ಲೇಟು," ಎಂದಳು ಮಗಳು, ಪುಟದಿಂದ ತಲೆ ಎತ್ತದೆ.

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಬಟಾಣಿ ಡಬ್ಬಿ ಎಲ್ಲಾ ಕ್ಷೇಮವಾಗಿವೆಯಾ?"

ದೂರದೃಷ್ಟಿಯವರು ಮಗಳ ಒದ್ದೆ ತಲೆಯ ಮೇಲೆ ಕೈಯಿಟ್ಟು ಕುಳಿತರು. ಆಮೇಲೆ, "ನೀನು ಹೇಳಿದ್ದೇ ಸರಿ ಕಣೇ," ಎಂದರು. ಮದುವೆಯಾದ ಮೇಲೆ ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೆಂಡತಿ ಗಾಬರಿಯಿಂದ ಅವರ ನಾಡಿ ಹಿಡಿದು ನೋಡಿದಳು.

"ನಿಜವಾಗ್ಲೂ. ಗುಡ್ಡದ ಮೇಲಿರೋದೆಲ್ಲ ಅಲ್ಲೇ ಹಂಚಿಬಿಡ್ತೀನಿ. ನಮಗೆ ಟಾರ್ಚು, ನೀರು, ಅಮ್ಮನ ಔಷಧಿ ಸಾಕು. ಆ ಕೋಣೆ ಮಗಳಿಗೆ ಓದೋಕೆ ಕೊಡೋಣ."

ಮಗಳು ಮೊದಲ ಬಾರಿಗೆ ಪುಸ್ತಕ ಮುಚ್ಚಿದಳು.

ಮೂವರೂ ಹಗುರವಾಗಿ ಮಾತಾಡುತ್ತ ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಾಗಿಲಲ್ಲೇ ಹೆಡ್‌ಮಾಸ್ತರರು, ಅಕ್ಕ, ಏಜೆಂಟರು ಕಾದು ನಿಂತಿದ್ದರು. ಬೈಸಿಕೊಳ್ಳಲು ಸಿದ್ಧರಾಗಿ ದೂರದೃಷ್ಟಿಯವರು ತಲೆ ತಗ್ಗಿಸಿದರು.

"ಪ್ರವಾಹ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ," ಎಂದು ಹೆಡ್‌ಮಾಸ್ತರರು ಅವರ ಭುಜ ತಟ್ಟಿದರು. "ಇವತ್ತಲ್ಲ ನಾಳೆ ಬಂದೇ ಬರುತ್ತೆ. ಗುಡ್ಡದ ಮೇಲೆ ನಮಗೆ ಜ್ಞಾನೋದಯ ಆಯ್ತು. ನಿಮ್ಮ ಹತ್ತಿರ ಎಲ್ಲಾ ಇತ್ತು, ನಮ್ಮ ಹತ್ತಿರ ಛತ್ರಿ!"

"ಅದಕ್ಕೇ ಅಲ್ಲೇ ಸಂಘ ಕಟ್ಟಿದ್ವಿ ಅಣ್ಣ," ಎಂದರು ಅಕ್ಕ. "ನೀವೇ ಅಧ್ಯಕ್ಷರು. ಯಾರೂ ಬೇಡ ಅನ್ನಲಿಲ್ಲ."

"ನಿಮ್ಮ ಸಾಮಾನು ಒಂದೂ ಹೋಗದ ಹಾಗೆ ಹುಷಾರಾಗಿ ವಾಪಸ್ ತಂದಿದ್ದೀವಿ," ಎಂದರು ಏಜೆಂಟರು. "ಬರ್ತಾ ದಾರಿಯಲ್ಲಿ ಎಲ್ಲರೂ ಅಂಗಡಿಗೆ ಹೋಗಿ ತಮಗೂ ಅಂತ ಪೀಪಾಯಿ, ಡಬ್ಬಿ ಕೊಂಡ್ಕೊಂಡ್ರು. ಎಲ್ಲಿಡೋದು ಅಂತ ಯೋಚನೆ ಬಂತು. ನಿಮ್ಮ ತಾಯಿಯವರನ್ನ ಕೇಳಿದ್ವಿ, ಒಳಗೆ ಬನ್ನಿ ಅಂದ್ರು."

ದೂರದೃಷ್ಟಿಯವರು ಬಾಗಿಲು ತಳ್ಳಿದರು. ಅದು ಗೇಣಷ್ಟು ತೆರೆದು ನಿಂತಿತು. ಸಂದಿಯಲ್ಲಿ ಕಂಡದ್ದು ನೆಲದಿಂದ ಸೂರಿನವರೆಗೆ ನೀಲಿ, ಕೆಂಪು, ಹಳದಿ ಪೀಪಾಯಿಗಳ ಗೋಡೆ.

"ಅಮ್ಮಾ!" ಎಂದು ಅವರು ಕೂಗಿದರು. "ಎಲ್ಲಿದ್ದೀಯಮ್ಮಾ?"

ಗೋಡೆಯ ಆಚೆ, ಎಲ್ಲೋ ದೂರದಿಂದ, ತಾಯಿಯ ದನಿ ಶಾಂತವಾಗಿ ಕೇಳಿಸಿತು.

"ಇಲ್ಲೇ ಇದ್ದೀನಪ್ಪಾ, ಕುರ್ಚಿಯಲ್ಲೇ. ಬಂದವರು ಕಾಫಿ ಮಾಡಿಕೊಡ್ತೀವಿ ಅಂದ್ರು. ಆಮೇಲೆ ಅಡುಗೆಮನೆ ಎಲ್ಲಿದೆ ಅಂತ ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗ್ತಿಲ್ಲ."