ಕಾರಿನ ಬಾಯಿ ಮುಚ್ಚಿಸಿದ ಗ್ರಂಥಪಾಲಕರು

ಗ್ರಂಥಪಾಲಕರಿಗೆ ದಿನವಿಡೀ ಕೆಲಸವೆಂದರೆ ತುಟಿಯ ಮೇಲೆ ಬೆರಳಿಟ್ಟು ಜನರನ್ನು ಸುಮ್ಮನಿರಿಸುವುದು. ಕೆಮ್ಮುವವರನ್ನು ಕಣ್ಣಲ್ಲೇ ಹೊರಗಟ್ಟುವಷ್ಟು ಪಳಗಿದವರು. ಅಂಥವರ ಸ್ವಂತ ಕಾರೇ ಬೀದಿಯುದ್ದಕ್ಕೂ ಊಳಿಟ್ಟುಕೊಂಡು ಓಡಿದರೆ ಮಾನ ಎಲ್ಲಿ ಉಳಿಯಬೇಕು? ಕೆಲವು ತಿಂಗಳಿಂದ ಮುಂದಿನ ಬಲಚಕ್ರ ರಾಗ ಹಿಡಿದಿತ್ತು. ವೇಗ ಹೆಚ್ಚಿದಷ್ಟೂ ಶ್ರುತಿ ಏರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಏನು ಹೇಳಿದರೂ ಅವರಿಗೆ ತುಟಿಯಾಡುವುದಷ್ಟೇ ಕಾಣುತ್ತಿತ್ತು. ಉತ್ತರ ಕೊಡದಿದ್ದರೆ ಜಗಳ, 'ಏನಂದೆ?' ಎಂದರೆ ಇನ್ನೂ ದೊಡ್ಡ ಜಗಳ. ಹಾಗಾಗಿ ಎಲ್ಲದಕ್ಕೂ 'ಹೂಂ' ಅಂದುಬಿಡುತ್ತಿದ್ದರು.

ಆ ಶನಿವಾರ ಸಂಜೆ ಅತ್ತೆ ಬರುವವರಿದ್ದರು. ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದವರು. ಕಳೆದ ಸಲ ಇದೇ ಕಾರಿನಿಂದಿಳಿದು, "ಅಳಿಯಂದಿರೇ, ನಿಮ್ಮ ಗಾಡಿ ಅಪಶ್ರುತಿ" ಎಂದಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು.

"ಚಕ್ರದ ಬೇರಿಂಗ್ ಹೋಗಿದೆ. ಹೊಸದು ತಂದಿದ್ದೀನಿ, ಇವತ್ತು ನಾನೇ ಬದಲಾಯಿಸ್ತೀನಿ," ಎಂದು ಘೋಷಿಸಿದರು.

"ನೀವಾ?" ಹೆಂಡತಿ ಹೆರಿಗೆ ಆಸ್ಪತ್ರೆಯ ನರ್ಸು. ಸುಲಭಕ್ಕೆ ಬೆಚ್ಚುವವಳಲ್ಲ. ಈಗ ಬೆಚ್ಚಿದಳು. "ಹೋದ ಸಲ ಬಲ್ಬು ಬದಲಾಯಿಸೋಕೆ ಹೋಗಿ ಇಡೀ ಬೀದಿ ಕತ್ತಲೆ ಮಾಡಿದ್ರಿ!"

"ಅದು ಬಲ್ಬಿನ ತಪ್ಪು. ಇದಕ್ಕೆ ನನ್ನ ಹತ್ರ ಪುಸ್ತಕ ಇದೆ ಕಣೇ."

"ಪುಸ್ತಕ ಕೈಯಲ್ಲಿ, ಚಕ್ರ ನೆಲದ ಮೇಲೆ, ಅಮ್ಮ ಸ್ಟೇಷನ್ನಲ್ಲಿ. ಏನಾದ್ರೂ ಮಾಡ್ಕೊಳ್ಳಿ," ಎಂದು ಆಕೆ ಡ್ಯೂಟಿಗೆ ಹೋದಳು.

ಅವರು ಜ್ಯಾಕ್ ಕೊಟ್ಟು ಕಾರೆತ್ತಿದರು. ಚಕ್ರ ಬಿಚ್ಚಿದರು. ನಡುವಿನ ನಟ್ಟನ್ನು ಬೆವರು ಸುರಿಸಿ ತೆಗೆದು, ಚಕ್ರವನ್ನು ಹೊತ್ತು ತಿರುಗುವ ಆ ಭಾರದ ಹಬ್ಬನ್ನು ಎಳೆದು ಹೊರಗಿಟ್ಟರು. ಅಲ್ಲಿಗೆ ಪರಾಕ್ರಮ ಮುಗಿಯಿತು. ಹಳೆಯ ಬೇರಿಂಗಿನ ಉಕ್ಕಿನ ಬಳೆ ಹಬ್ಬಿನ ಹೊಟ್ಟೆಯೊಳಗೆ ಕಚ್ಚಿಕೊಂಡು ಕೂತಿತ್ತು. (ಎರವಲು ಪಡೆದ ಪುಸ್ತಕ ಹಿಂತಿರುಗಿಸದ ಓದುಗರಲ್ಲೂ ಅಷ್ಟು ಹಟ ಕಂಡಿರಲಿಲ್ಲ.) ಪುಸ್ತಕ ತಿರುವಿದರು. ಲೋಹ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ ಎಂದು ಬರೆದಿತ್ತು. ಗ್ರಂಥಪಾಲಕರ ಕಣ್ಣು ಅಡುಗೆಮನೆಯ ಕಡೆ ಹೊರಳಿತು.

ಮಧ್ಯಾಹ್ನ ದಣಿದು ಬಂದ ಹೆಂಡತಿ ತಣ್ಣೀರಿಗೆ ಐಸ್ ಹಾಕಿಕೊಳ್ಳಲು ಫ್ರೀಜರ್ ತೆಗೆದವಳೇ ಕಿರುಚಿದಳು.

"ರೀ! ಬಟಾಣಿ ಪಕ್ಕದಲ್ಲಿ ಇದೇನಿದು?"

"ಹೊಸ ಬೇರಿಂಗು. ಕುಗ್ಗಲಿ ಅಂತ ಇಟ್ಟಿದ್ದೀನಿ."

"ಓವನ್ನಲ್ಲಿ?"

"ಹಬ್ಬು. ಇನ್ನೂ ಸ್ವಲ್ಪ ಬೇಯಬೇಕು."

ಒಂದೇ ಹೆರಿಗೆಯಲ್ಲಿ ಮೂರು ಕೂಸು ಬಂದಾಗಲೂ ರೆಪ್ಪೆ ಮಿಟುಕಿಸದಿದ್ದ ಹೆಂಗಸು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. "ನನ್ನ ಓವನ್ನು... ಗ್ರೀಸು..."

ಅಂಗಳದಲ್ಲಿ ಗ್ರಂಥಪಾಲಕರು ಬಿಸಿ ಹಬ್ಬಿಗೆ ಸುತ್ತಿಗೆಯಿಂದ ಬಡಿಯತೊಡಗಿದಾಗ ಆಕೆಗೆ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು.

"ಒಂದೇ ಕಡೆ ಹೊಡೀಬೇಡ್ರೀ! ಸುತ್ತಲೂ, ಮೆಲ್ಲಗೆ. ಆತುರ ಬೇಡ. ಹಾಂ, ಬರ್ತಾ ಇದೆ... ಇನ್ನೊಂದ್ಸಲ... ಬಂತು, ಬಂತು!"

ಬಳೆ ಟಣ್ಣೆಂದು ಕೆಳಗೆ ಬಿತ್ತು.

"ತಾಯಿ ಮಗು ಇಬ್ಬರೂ ಕ್ಷೇಮ," ಎಂದಳು, ಅಭ್ಯಾಸಬಲದಿಂದ.

ಫ್ರೀಜರಿನಿಂದ ತಂದ ಹೊಸ ಬೇರಿಂಗು ಕೈಗೆ ಬಳೆ ತೊಡಿಸಿದಂತೆ ಒಳಗೆ ಜಾರಿತು. ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ ಒಂದು ನಟ್ಟೂ ಮಿಕ್ಕಲಿಲ್ಲ. ಗ್ರಂಥಪಾಲಕರೇ ಅದನ್ನು ನಂಬಲಾಗದೆ ಕಾರಿನ ಕೆಳಗೆಲ್ಲ ಹುಡುಕಿದರು. ಹೆಂಡತಿಯೊಡನೆ ಸ್ಟೇಷನ್ನಿಗೆ ಹೊರಟಾಗಲಂತೂ ಆಶ್ಚರ್ಯಕ್ಕೆ ಬಾಯಿ ತೆರೆದದ್ದು ಮುಚ್ಚಲಿಲ್ಲ. ಊಳಿಲ್ಲ, ಗೊಣಗಿಲ್ಲ. ಪುಸ್ತಕದ ಹಾಳೆ ಮಗುಚಿದಷ್ಟು ಮೆತ್ತಗೆ ಕಾರು ಹೋಗುತ್ತಿತ್ತು.

ವಾಪಸು ಬರುವಾಗ ತಾಯಿ ಮಗಳು ಹಿಂದಿನ ಸೀಟಿನಲ್ಲಿ ಕೂತರು. ಈ ಕಾರಿನಲ್ಲಿ ಗಂಟಲು ಹರಿಯುವಂತೆ ಕೂಗಿಯೇ ಇಬ್ಬರಿಗೂ ರೂಢಿ. ಕಾರು ಸುಮ್ಮನಾದದ್ದು ಮರೆತು ಹಾಗೆಯೇ ಕೂಗಿದರು.

"ಅಳಿಯಂದಿರು ನಿಜವಾಗ್ಲೂ ಒಪ್ಪಿದ್ರೇನೇ? ಅವರ ಓದೋ ಕೋಣೆ ಬಿಟ್ಟುಕೊಡೋಕೆ?"

"ಒಪ್ಪದೆ ಏನಮ್ಮ! ಕಾರಲ್ಲಿ ಹೋಗ್ತಾ ಎಷ್ಟೋ ಸಲ ಕೇಳಿದೆ. ಅಮ್ಮ ಇಲ್ಲೇ ಇದ್ದುಬಿಡಲಾ? ಹೂಂ. ಮಕ್ಕಳಿಗೆ ಹಾಡಿನ ಕ್ಲಾಸ್ ಶುರು ಮಾಡಲಾ? ಹೂಂ. ದಿನಾ ಸಂಜೆ, ಭಾನುವಾರ ಬೆಳಗ್ಗೇನೂ ಇಟ್ಕೊಳ್ಳಲಾ? ಅದಕ್ಕೂ ಹೂಂ ಅಂದ್ರು, ಪಾಪ!"

ಕಾರು ಗಕ್ಕನೆ ನಿಂತಿತು. ಗ್ರಂಥಪಾಲಕರು ಹಿಂದಕ್ಕೆ ತಿರುಗಿದರು.

"ಇದಕ್ಕೆಲ್ಲಾ... ನಾನು ಯಾವಾಗ..."

"ಅಯ್ಯೋ, ಇವತ್ತು ನಿಮಗೆ ಕೇಳಿಸ್ತಾ ಇದೆಯಾ?" ಹೆಂಡತಿ ಅವರಿಗಿಂತ ಹೆಚ್ಚು ಗಾಬರಿಯಾದಳು.

ಅತ್ತೆಯ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. "ಇಂಥ ಅಳಿಯ ಯಾರಿಗೆ ಸಿಗ್ತಾರೆ!" ಎಂದರು. ಗ್ರಂಥಪಾಲಕರು ಇನ್ನೊಮ್ಮೆ 'ಹೂಂ' ಎಂದು ಕಾರು ಹೊರಡಿಸಿದರು.

ಸೋಮವಾರ ಸಂಜೆ ಮನೆ ತುಂಬ ಮಕ್ಕಳು. ಒಂದೊಂದು ಗಂಟಲೂ ಒಂದೊಂದು ದಿಕ್ಕಿಗೆ. ಗ್ರಂಥಪಾಲಕರು ಪುಸ್ತಕ ಎದೆಗವಚಿಕೊಂಡು ಓಡಿ ಬಂದು ಕಾರಿನೊಳಗೆ ಕೂತರು, ಗಾಜುಗಳನ್ನೆಲ್ಲ ಏರಿಸಿದರು. ಎಂಥ ಸುಖ! ಎರಡು ಪುಟ ಓದುವಷ್ಟರಲ್ಲಿ ಗಾಜನ್ನು ಯಾರೋ ತಟ್ಟಿದರು. ಅತ್ತೆ, ಅವರ ಹಿಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಇಬ್ಬರು ಶಿಷ್ಯೆಯರು.

"ಒಳಗೆ ಒಂದೇ ಗಲಾಟೆ, ಅಳಿಯಂದಿರೇ. ಈ ಇಬ್ಬರಿಗೆ ಬೇರೆಯಾಗೇ ಪಾಠ ಹೇಳ್ಬೇಕು. ನಿಮ್ಮ ಗಾಡಿ ಒಳಗೆ ಈಗ ಶ್ರುತಿ ಚೆನ್ನಾಗಿ ಕೇಳಿಸುತ್ತೆ. ಸ್ವಲ್ಪ ಇಳೀತೀರಾ?"