ಕಾರಿನೊಳಗಿನ ಮೀನು ವಾಸನೆ

ಕಾರಿನೊಳಗೆ ಕೊಳೆತ ಮೀನಿನ ವಾಸನೆ ಇತ್ತು, ಮೀನು ಮಾತ್ರ ಇರಲಿಲ್ಲ. ಡ್ರೈವರ್ ಸೀಟುಗಳನ್ನು ಕಿತ್ತು ನೋಡಿದ್ದ, ಡಿಕ್ಕಿ ತೊಳೆದಿದ್ದ, ತನ್ನ ಕಂಕುಳನ್ನು ತಾನೇ ಮೂಸಿ ಮೂಸಿ ಮೂಗು ಸವೆಸಿಕೊಂಡಿದ್ದ. ಕಾರಿನಲ್ಲಿ ಕೂರುವವರು ಇಬ್ಬರೇ. ಹಿಂದೆ ಯಜಮಾನರು, ಮುಂದೆ ಅವನು. ಹಾಳು ಲೋಕದ ನ್ಯಾಯ ಗೊತ್ತಲ್ಲ, ನಾತ ಯಾವತ್ತೂ ಬಡವನದೇ.

"ಸಂಜೆಯೊಳಗೆ ವಾಸನೆ ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು. ಡಾಕ್ಟ್ರು ಏನಂದ್ರು ಅಂತ ಬಂದು ಹೇಳು," ಎಂದು ಬೆಳಿಗ್ಗೆಯೇ ಅಮ್ಮಾವ್ರು ಕರವಸ್ತ್ರದ ಮರೆಯಿಂದ ಗುಡುಗಿದ್ದರು. ಹೋದ ವಾರ ಅವನ ರಕ್ತ ಪರೀಕ್ಷೆ ಮಾಡಿಸಿದ್ದೂ ಅವರೇ.

ಹಿತ್ತಲ ನಲ್ಲಿಯ ಬಳಿ ಅಡುಗೆಯವಳು ಬೆಕ್ಕಿಗೆ ಸೋಪು ಉಜ್ಜುತ್ತಿದ್ದಳು. ಮನೆಯೊಳಗಿನ ನಾತಕ್ಕೆ ಅದೇ ಕಾರಣವೆಂದು ಅದಕ್ಕೆ ದಿನವೂ ಸ್ನಾನದ ಶಿಕ್ಷೆ.

"ನಿಂದು ಒಳಗಿನ ರೋಗ ಕಣಣ್ಣ. ನಮ್ಮ ಚಿಕ್ಕಪ್ಪನೂ ಹಿಂಗೇ ನಾರ್ತಿದ್ದ."

"ಆಮೇಲೆ?"

"ನಾತ ನಿಂತೋಯ್ತು. ಅವನೂ ಹೋದ."

ಕೈಜಾರಿದ ಬೆಕ್ಕು ಒದ್ದೆ ಮೈಯಲ್ಲೇ ಓಡಿ ಯಜಮಾನರ ಕಾಲಿಗೆ ಅಂಟಿಕೊಂಡಿತು.

ಗೇಟಿನವನದು ಬೇರೆಯೇ ಕನಿಕರ. "ನನ್ ತಮ್ಮಂಗೂ ಡ್ರೈವಿಂಗ್ ಬರುತ್ತೆ. ಸಾಯೋ ಮುಂಚೆ ಕೀ ಕೊಟ್ಟೋಗು."

ಯಜಮಾನರನ್ನು ಮಿಲ್ಲಿಗೆ ಬಿಟ್ಟು ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಡ್ರೈವರನ ಒಣಗಿದ ನಾಲಿಗೆ ಹಳೇ ವೈಪರಿನಂತೆ ಹಲ್ಲಿಗೆ ಕರಕರ ಉಜ್ಜುತ್ತಿತ್ತು.

"ಲಿವರಿನ ಜೀವಕೋಶದೊಳಗೆ ಒಂದು ಪೊರೆ ಇರುತ್ತಪ್ಪ," ಎಂದರು ಡಾಕ್ಟರು. "ಆ ಪೊರೆಗೆ ಕಚ್ಕೊಂಡು ಒಂದು ಕಿಣ್ವ ಕೆಲಸ ಮಾಡುತ್ತೆ. ತಿಂದಿದ್ರಲ್ಲಿ ಹುಟ್ಟೋ ಮೀನು ವಾಸನೆಯ ವಿಷಾನ ವಾಸನೆಯಿಲ್ಲದ ಹಾಗೆ ಮಾಡುತ್ತೆ. ಅದನ್ನ ಮಾಡೋ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಎರಡೂ ಕೆಟ್ಟಿದ್ರೆ ಮೈಯೆಲ್ಲ ನಾತ."

ಡ್ರೈವರ್ ಮನಸ್ಸಿನಲ್ಲೇ ಅಪ್ಪ ಅಮ್ಮ ಇಬ್ಬರಿಗೂ ಶಾಪ ಹಾಕಿದ.

"ನಿಂದು ಎರಡೂ ಚೆನ್ನಾಗಿವೆ. ಹೋಗು."

ಶಾಪ ವಾಪಸು ತೆಗೆದುಕೊಂಡು ಕುಣಿಯುತ್ತಾ ಹೊರಬಂದವನು ಕಾರಿನ ಬಾಗಿಲಿಗೆ ಕೈ ಹಾಕಿ ಕಲ್ಲಾದ. ಮುಂದಿನ ಸೀಟಿನದಲ್ಲ ಅಂದ ಮೇಲೆ ನಾತ ಹಿಂದಿನ ಸೀಟಿನದು! ಸಾಯುವ ಭಯ ಹೋಗಿ ಅದಕ್ಕಿಂತ ದೊಡ್ಡದು ಹಿಡಿಯಿತು. ಅನ್ನ ಕೊಡುವ ಧಣಿಗೆ ನೀವು ನಾರುತ್ತೀರಿ ಎಂದು ಹೇಳುವ ಗಂಡಸು ಎಲ್ಲಿದ್ದಾನೆ?

ಸಂಜೆ ಮನೆಯ ತಿರುವಿನಲ್ಲಿ ಹಿಂದಿನಿಂದ ದನಿ ಬಂತು. "ಏನಂದ್ರು ಡಾಕ್ಟ್ರು?"

"ನಂದು... ಸರಿ ಇದೆಯಂತೆ, ಧಣಿ."

"ಗೊತ್ತು. ಕೆಟ್ಟಿರೋದು ನಂದು. ಐದು ವರ್ಷದ ಹಿಂದೇನೇ ಹೇಳಿದ್ರು."

"ಅಮ್ಮಾವ್ರಿಗೆ?"

"ಹುಚ್ಚಾ ನಿಂಗೆ? ಮಿಲ್ಲು ಅವಳಪ್ಪಂದು! ಮನೇಲಿ ಬೆಕ್ಕಿದೆ, ಕಾರಲ್ಲಿ ನೀನಿದೀಯ. ನಿನ್ನ ಎರಡೂ ಜೀನು ಕೆಟ್ಟಿದೆ, ವಾಸಿಯಾಗಲ್ಲ, ಆದ್ರೆ ಅಂಟಲ್ಲ ಅನ್ನು. ಪಾಪ ಅಂತ ಇಟ್ಕೋತಾಳೆ. ಬೇಡ ಅಂದ್ರೆ ಗೇಟಿನವನ ತಮ್ಮ ಬರ್ತಾನೆ. ನಾಳೆಯಿಂದ ಅವನೂ ನಾರ್ತಾನೆ."

ಡ್ರೈವರ್ ಅಮ್ಮಾವ್ರ ಮುಂದೆ ತಲೆ ತಗ್ಗಿಸಿ ಒಪ್ಪಿಕೊಂಡ. ಲಿವರು, ಪೊರೆ, ಅಪ್ಪ, ಅಮ್ಮ, ಒಂದನ್ನೂ ಬಿಡದೆ ಒಪ್ಪಿಸಿದ. ಅಮ್ಮಾವ್ರಿಗೆ ಕಣ್ಣೀರೇ ಬಂತು.

"ಅಯ್ಯೋ ಪಾಪ! ಹುಟ್ಟಿನಿಂದ ಬಂದಿದ್ದಕ್ಕೆ ನೀನೇನು ಮಾಡ್ತೀಯ? ಕೆಲಸದಲ್ಲೇ ಇರು." ಆಮೇಲೆ ಹಿತ್ತಲ ಕಡೆ ತಿರುಗಿ ಕೂಗಿದರು. "ಏ, ಇನ್ನೊಂದು ಬಕೆಟ್ ಇಡೇ!"

ತುಸು ಹೊತ್ತಿನಲ್ಲಿ ನಲ್ಲಿಯ ಬಳಿ ಇಬ್ಬರೂ ಸೋಪಿನ ನೊರೆಯಲ್ಲಿ ನಡುಗುತ್ತಾ ಕೂತಿದ್ದರು. ಬೆಕ್ಕು ಡ್ರೈವರನ ಮುಖವನ್ನೇ ದಿಟ್ಟಿಸಿ ನೋಡಿತು. ನಿಜ ಗೊತ್ತಿದ್ದೂ ಬಾಯಿ ಬಿಡದ ಇನ್ನೊಂದು ಪ್ರಾಣಿ ಆ ಮನೆಗೆ ಬಂತಲ್ಲ ಎಂದು ಅದಕ್ಕೂ ಸಮಾಧಾನವಾಗಿರಬೇಕು.