ಕಾಳನ ದುಭಾಷಿ

ಜಗತ್ತಿನಲ್ಲಿ ನಾಯಿಭಾಷೆ ಬಲ್ಲ ಏಕೈಕ ಮನುಷ್ಯ ನನ್ನ ಸೋದರಮಾವ. ಹಾಗೆಂದು ಹೇಳುವವನೂ ಅವನೊಬ್ಬನೇ! ಅಜ್ಜಂಪುರದ ಹತ್ತಿರ ತೆಂಗಿನ ತೋಟದಲ್ಲಿ ಅವನ ಮನೆ. ಜೊತೆಗೆ ಅತ್ತೆ, ಮತ್ತೆ ಕಡೂರು ಕಡೆಯ ಎಮ್ಮೆದೊಡ್ಡಿಯಿಂದ ತಂದ ಕಾಳನೆಂಬ ನಾಯಿ. ಇಬ್ಬರಲ್ಲಿ ಮಾವನಿಗೆ ಅರ್ಥವಾಗುವುದು ಕಾಳ ಮಾತ್ರ ಎಂಬುದು ಅತ್ತೆಯ ದೂರು.

ಕಾಳ ಬಾಯಿ ತೆರೆದರೆ ಸಾಕು, ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ. "ಬರೀ ಗುರ್ ಅಂದ್ರೆ ಅನುಮಾನ ಕಣೋ. ಗುರ್ ಅಂದು ಬೌ ಅಂದ್ರೆ ಖಾತ್ರಿ!" ಒಮ್ಮೆ ಲೈನ್‌ಮನ್ ಬಂದಾಗ ಕಾಳ ಊಳಿಟ್ಟ. "ಕರೆಂಟ್ ಹೋಗ್ತದಂತೆ" ಎಂದ ಮಾವ. ಹೋಯಿತು! ನಮ್ಮ ಕಡೆ ಅದನ್ನು ಹೇಳಲು ನಾಯಿ ಬೇಕೇ?

ಎಡವಟ್ಟಾದದ್ದು ಅತ್ತೆಯ ಅಣ್ಣ ತರೀಕೆರೆಯಿಂದ ಬಂದ ದಿನ. ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಅವರು ಗೇಟು ತೆಗೆದರು. ಕಾಳ ಬೊಗಳಿದ. ಅಭ್ಯಾಸಬಲ ನೋಡಿ, ಮಾವ ಅರ್ಥ ಹೇಳಿಯೇಬಿಟ್ಟ: "ಊಟದ ಹೊತ್ತು ನೋಡ್ಕಂಡೇ ಬಂದವ್ರೆ ಅಂತಾವ್ನೆ."

ಅಣ್ಣ ನಿಂತಲ್ಲಿಂದಲೇ ತಿರುಗಿದರು. ತೌರಿನವರನ್ನು ಅಂದರೆ ಯಾವ ಹೆಣ್ಣುಮಗಳು ಸಹಿಸುತ್ತಾಳೆ? "ನಾಯಿ ಜೊತೇಲೇ ಸಂಸಾರ ಮಾಡ್ಕಳಿ" ಎಂದು ಅತ್ತೆಯೂ ಅವರ ಹಿಂದೆಯೇ ಬಸ್ಸು ಹತ್ತಿದಳು.

"ನಾನೆಲ್ಲಿ ಅಂದೆ? ಅಂದಿದ್ದು ಕಾಳ!" ಎಂದು ಮಾವ ಊರೆಲ್ಲ ಸಾರಿದ. ಅತ್ತೆ ಮಾತ್ರ ಫೋನ್ ಎತ್ತಲಿಲ್ಲ. ಮಾವ ತಾನೇ ಮುದ್ದೆ ತೊಳಸಿದ. ಕಾಳ ಅದನ್ನು ಮೂಸಿ, ಕುಂಯ್ ಎಂದು ದೂರ ಸರಿದ.

"ಏನಂತಾನೆ ಮಾವ?" ಎಂದೆ.

"ಇದ್ಕೂ ಅರ್ಥ ಹೇಳ್ಬೇಕೇನೋ?" ಎಂದ ಮಾವ, ಸಪ್ಪಗೆ.

ನೋಡಲಾಗದೆ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ತರೀಕೆರೆಗೆ ಹೊರಟೆ. ದಾರಿಯುದ್ದಕ್ಕೂ ಕಾಳನಿಗೆ ಪಾಠ. "ಲೇ, ಭಾವನ್ನ ಕಂಡ್ರೆ ಮೆತ್ತಗೆ ಕುಂಯ್ ಅನ್ನು. ಮಿಕ್ಕಿದ್ದು ನಾನು ನೋಡ್ಕತೀನಿ." ಅಲ್ಲಿಯ ಬೀದಿನಾಯಿಗಳು ಕಾರಿಗೆ ಮುತ್ತಿಕೊಂಡು ಬೊಗಳಿದವು. ಅವೇನು ಹೇಳುತ್ತಿವೆ ಎಂದೆ. "ನನ್ಗೆ ಬರೋದು ಕಡೂರು ನಾಯಿಭಾಷೆ ಕಣೋ, ಇವು ತರೀಕೆರೆಯವು!"

ಅತ್ತೆ ಬಾಗಿಲಿಗೆ ಬಂದಳು, ಹಿಂದೆ ಅವಳಣ್ಣ. ಕಾಳನೋ, ಕಾರಿನ ಕುಲುಕಾಟಕ್ಕೆ ಸುಸ್ತಾಗಿ ಜಗಲಿಯ ಮೇಲೆ ಮುದುಡಿ ನಿದ್ದೆ ಹೋದ. ಮಾವ ಕಾಲಿನಿಂದ ತಿವಿದ. ಉಹೂಂ! ಎಲ್ಲರೂ ಮಾವನ ಮುಖವನ್ನೇ ನೋಡುತ್ತಿದ್ದರು.

"ತಪ್ಪಾಯ್ತು ಭಾವ ಅಂತಾವ್ನೆ" ಎಂದ ಮಾವ. ಆಮೇಲೆ ಅತ್ತೆಯತ್ತ ತಿರುಗಿ ದನಿ ತಗ್ಗಿಸಿದ. "ನೀನಿಲ್ದೆ ಮನೇಲಿ ಇರಕ್ಕಾಗ್ತಿಲ್ವಂತೆ. ಬಾ ಅಂತಾವ್ನೆ."

"ಅವ್ನು ಬಾಯೇ ಬಿಟ್ಟಿಲ್ವಲ್ರೀ" ಎಂದಳು ಅತ್ತೆ.

ಮಾವ ಮಲಗಿದ್ದ ಕಾಳನತ್ತ ಒಮ್ಮೆ ನೋಡಿದ. "ಹೂಂ ಕಣೇ, ಅವ್ನಲ್ಲ" ಎಂದ.

ಅತ್ತೆ ಕಣ್ಣೊರೆಸಿಕೊಳ್ಳುತ್ತ ಚೀಲ ತರಲು ಒಳಗೆ ಹೋದಳು.